ದಾನವ್ವನ ಕಾಲಿನ ನೋವು

ಶ್ರಾವಣದ ಮೂರನೆಯ ಸೋಮವಾರ ಕಳೆದು ಬಂದ ಗುರುವಾರ, ಬೆಳಗಿನ ಎಂಟರ ಸುಮಾರಿಗೆ, ನನ್ನ ಎಡಗಾಲಿನ ನೋವು ನಿಂತಿತು.

ನಾನು ಪೂಜೆಗೆ ಕುಳಿತಿದ್ದೆ. ಅಂಗೈಯಲ್ಲಿ ಇಷ್ಟಲಿಂಗವಿತ್ತು. ಹದಿನೆಂಟು ದಿನಗಳಿಂದ ಹೆಬ್ಬೆರಳಿನ ಬುಡದಲ್ಲಿ ಕಾದ ಸಲಾಕೆ ಇಟ್ಟಂತೆ ಉರಿಯುತ್ತಿದ್ದ ಜಾಗ ಒಮ್ಮೆಲೇ ತಣ್ಣಗಾಯಿತು. ಕಾಲನ್ನು ಅಲುಗಿಸಿ ನೋಡಿದೆ. ನೆಲಕ್ಕೆ ಒತ್ತಿ ನೋಡಿದೆ. ಏನೂ ಇಲ್ಲ. ಆಸ್ಪತ್ರೆಯಲ್ಲಿದ್ದ ಹೆಂಡತಿಗಾಗಿ ನಾನಿಟ್ಟ ಮೊರೆಯನ್ನು ಶಿವನು ಕೇಳಿದನೆಂದು ಕಣ್ಣಲ್ಲಿ ನೀರು ಬಂತು. ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಪಕ್ಕದ ಮನೆಯ ಶಿವಕ್ಕನನ್ನು ಕೂಗಿದೆ.

"ಶಿವಕ್ಕಾ, ನೋವು ನಿಂತತಿ. ದಾನವ್ವ ಉಳಕೊಂಡಳು."

ಶಿವಕ್ಕ ಒಳಗೆ ಓಡಿಹೋಗಿ ಒಂದು ಹಿಡಿ ಸಕ್ಕರೆ ತಂದು ನನ್ನ ಕೈಗೆ ಹಾಕಿದಳು. "ಬಾಯಿ ಸಿಹಿ ಮಾಡ್ಕೊಳ್ರಿ ಮಾಸ್ತರ. ಹೋಗೂ ಮುಂದ ಆಕೀದೊಂದು ಬೇರೆ ಸೀರಿ ತಗೊಂಡು ಹೋಗ್ರಿ, ದವಾಖಾನ್ಯಾಗಿಂದು ಅಷ್ಟಕ್ಕಷ್ಟ."

ಸಕ್ಕರೆ ನಾಲಗೆಯ ಮೇಲೆ ಕರಗುತ್ತಿದ್ದಾಗ ಫೋನು ಬಂತು. ಪಾದರಕ್ಷಣಾ ಕೇಂದ್ರದ ನರ್ಸ್ ಫರಜಾನಾ. "ಅಜ್ಜಾರ, ಅಜ್ಜಿ ಹೋದ್ರು" ಎಂದಳು.

ಕಾಲು ತಣ್ಣಗಾದ ಮೇಲೆ ಅದಕ್ಕೆ ಅಂಟಿಸಿದ ಪೊರೆಗೆ ಹೇಳಲು ಏನೂ ಉಳಿಯುವುದಿಲ್ಲ. ಅದಕ್ಕಾಗಿಯೇ ನನ್ನ ನೋವು ನಿಂತಿತ್ತು.

ಇದನ್ನು ಓದುವವರಿಗೆ ಪೊರೆ ಎಂದರೇನು, ಪಟ್ಟಿ ಎಂದರೇನು ಎಂದು ಮೊದಲು ಹೇಳಬೇಕು. ನಾನು ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು. ತಿಳಿದಷ್ಟನ್ನು ತಿಳಿದ ಹಾಗೆ ಹೇಳುತ್ತೇನೆ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಒಣಗುತ್ತವೆ. ಮುಳ್ಳು ಚುಚ್ಚಿದರೆ ತಿಳಿಯುವುದಿಲ್ಲ, ಬಿಸಿನೀರು ಸುಟ್ಟರೆ ತಿಳಿಯುವುದಿಲ್ಲ. ನಮಗೆ ನೋವು ಶತ್ರುವಿನಂತೆ ಕಾಣುತ್ತದೆ. ನಿಜವಾಗಿ ಅದು ಕಾವಲುಗಾರ. ಕಾವಲುಗಾರ ಸತ್ತ ಮನೆಗೆ ಕಳ್ಳ ಹಗಲಿನಲ್ಲೇ ಬರುತ್ತಾನೆ. ಸಣ್ಣ ಗುಳ್ಳೆ ಹುಣ್ಣಾಗುತ್ತದೆ, ಹುಣ್ಣು ಕೊಳೆಯುತ್ತದೆ, ಕೊಳೆ ಎಲುಬಿಗಿಳಿಯುತ್ತದೆ. ಕಾಲಿನ ಒಡೆಯ ಮಾತ್ರ ಆರಾಮವಾಗಿ ಓಡಾಡಿಕೊಂಡಿರುತ್ತಾನೆ.

ಜಿಲ್ಲೆಯ ಊರಿನ ಪಾದರಕ್ಷಣಾ ಕೇಂದ್ರದ ಡಾಕ್ಟರ್ ಕೆರೂರ ಇದಕ್ಕೊಂದು ಉಪಾಯ ಕಂಡುಹಿಡಿದರು. ಅವರು ನನ್ನ ಹಳೆಯ ವಿದ್ಯಾರ್ಥಿ. ಐದನೆಯ ಇಯತ್ತೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ಹುಡುಗ. ಅಂಗಾಲಿಗೆ ಅಂಟಿಸುವ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ ಮಾಡಿದರು. ಅದು ಎರಡೂ ಪಾದಗಳ ಬಿಸಿಯನ್ನು ಹೋಲಿಸಿ ನೋಡುತ್ತಿತ್ತು. ಒಂದು ಕಾಲಿನ ಒಂದು ಜಾಗ, ಇನ್ನೊಂದು ಕಾಲಿನ ಅದೇ ಜಾಗಕ್ಕಿಂತ ಎರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಾಗೇ ಉಳಿದರೆ, ಒಳಗೆ ಏನೋ ಕೆಡುತ್ತಿದೆ ಎಂದರ್ಥ. ಹುಣ್ಣು ಕಣ್ಣಿಗೆ ಕಾಣುವ ಮೊದಲೇ ಪೊರೆಗೆ ಅದು ಗೊತ್ತಾಗುತ್ತಿತ್ತು.

ಮೊದಲು ಆ ಸುದ್ದಿ ಫೋನಿನಲ್ಲಿ ಗಂಟೆಯಾಗಿ ಬರುತ್ತಿತ್ತು. ಜನ ಗಂಟೆಯ ಸದ್ದು ಅಡಗಿಸಿ ಮಲಗಿದರು. ವರ್ಷದಲ್ಲಿ ನೂರಾರು ಕಾಲುಗಳು ಹೋದವು. ಆಗ ಕೆರೂರ ಎರಡನೆಯ ಹೆಜ್ಜೆ ಇಟ್ಟರು. ರೋಗಿಯ ಪೊರೆಗೆ ತಿಳಿದದ್ದು ಅವರ ಮನೆಯವರೊಬ್ಬರ ಕಾಲಿಗೆ ನೋವಾಗಿ ಬರಬೇಕು. ಕಾಲುಗಂಟಿಗೆ ಕಟ್ಟುವ ಒಂದು ಪಟ್ಟಿ ನರವನ್ನು ಮೆಲ್ಲಗೆ ಮಿಡಿದು, ಅದೇ ಪಾದದ ಅದೇ ಜಾಗದಲ್ಲಿ ನೋವನ್ನು ಎಬ್ಬಿಸುತ್ತಿತ್ತು. ಗಂಟೆಯನ್ನು ಕೇಳದೆ ಇರಬಹುದು, ನೋವನ್ನು ಕೇಳದೆ ಇರಲಾಗದು ಎಂಬುದು ಅವರ ಎಣಿಕೆ. ನೋವು ಬಂದೊಡನೆ ರೋಗಿಯ ಕಾಲನ್ನು ನೋಡಬೇಕು. ಕೆಂಪು, ಗುಳ್ಳೆ, ಬಿರುಕು ಇದ್ದರೆ ಕೇಂದ್ರಕ್ಕೆ ಹೇಳಬೇಕು. ಆಮೇಲೆ ಪಟ್ಟಿಯ ಮೇಲಿನ 'ನೋಡಿದೆ' ಎಂಬ ಗುಂಡಿ ಒತ್ತಿದರೆ ನೋವು ಅರ್ಧ ದಿನ ಇಳಿಯುತ್ತಿತ್ತು. ಚಿತ್ರ ತೆಗೆದು ಕಳಿಸಬೇಕೆಂದು ಮೊದಲಿತ್ತು. ಮುದುಕರ ಕೈ ನಡುಗಿ ಚಿತ್ರಗಳೆಲ್ಲ ಮಸುಕಾಗಿ ಬಂದಿದ್ದರಿಂದ ಅದನ್ನು ಬಿಟ್ಟರು.

ಎರಡು ವರ್ಷದಲ್ಲಿ ನಮ್ಮ ಗುಳೇದಗುಡ್ಡಕ್ಕೆ ಪಟ್ಟಿ ರೂಢಿಯಾಯಿತು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು ಥಟ್ಟನೆ ಒಂದು ಕಾಲೆತ್ತಿ ನಿಂತರೆ, "ಯಾರ ಕಾಲ್ರೀ?" ಎಂದು ಅಂಗಡಿಯವರು ಕೇಳುತ್ತಿದ್ದರು. "ನಮ್ಮ ಅತ್ತೀದು" ಎಂದು ಉತ್ತರ ಬರುತ್ತಿತ್ತು. ಬಹಳ ಮನೆಗಳಲ್ಲಿ ಪಟ್ಟಿ ಸೊಸೆಯ ಕಾಲಿಗೇ ಬಿದ್ದಿತು. ದೊಡ್ಡ ಮನೆಯವರು ಕೆಲವರು ಅದನ್ನು ಮನೆಯ ಆಳಿಗೆ ಕಟ್ಟಿದರು. ಆದರೂ ಕಾಲುಗಳು ಉಳಿದವು. ಇದನ್ನು ನಾನು ಹೇಳಲೇಬೇಕು. ತಪ್ಪು ಪಟ್ಟಿಯದಲ್ಲ.

ನಮಗೆ ಮಕ್ಕಳಿಲ್ಲ. ಆದ್ದರಿಂದ ದಾನವ್ವನ ಪಟ್ಟಿ ನನ್ನ ಕಾಲಿಗೆ ಬಂತು. ಅವಳು ಕುಣಿ ಮಗ್ಗದಲ್ಲಿ ಕುಪ್ಪಸದ ಖಣ ನೇಯುವವಳು. ಮದುವೆಯಾಗಿ ಬಂದ ವರ್ಷದಿಂದ ಆ ಕುಣಿಯಲ್ಲಿ ಕಾಲಿಳಿಸಿ ಕುಳಿತವಳು. ಕೇಂದ್ರದಲ್ಲಿ ಫರಜಾನಾ ನನಗೆ ಪಟ್ಟಿ ಕಟ್ಟುತ್ತಿದ್ದಾಗ ದಾನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನಲವತ್ತೆಂಟು ವರ್ಷ ನನ್ನ ಬಾಯಿ ಹೇಳಿದ್ದು ಇವರ ಕಿವಿಗೆ ಬೀಳಲಿಲ್ಲವ್ವ. ಇನ್ನ ಕಾಲು ಹೇಳಿದ್ದು ಕೇಳ್ತಾರೇನು?"

"ಕೇಳದ ಏನ್ ಮಾಡ್ತಾರ ಅಜ್ಜಿ? ಕಚ್ಚತದ ಇದು" ಎಂದು ಫರಜಾನಾ ಕೂಡ ನಕ್ಕಳು. ಆಮೇಲೆ ದಾನವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಬರಿಗಾಲಿನಲ್ಲಿ ತಿರುಗಬಾರದು. ಚಪ್ಪಲಿಯೊಳಗೆ ಕೈಯಾಡಿಸಿ ನೋಡಿಯೇ ಮೆಟ್ಟಬೇಕು. ಕಾಲು ತೊಳೆದ ಮೇಲೆ ಬೆರಳಸಂದಿ ಒರೆಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು. ದಿನಾ ಬೆಳಿಗ್ಗೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು, ಅದರ ಮೇಲೆ ಕಾಲು ಹಿಡಿದು ನೋಡಬೇಕು. ಒಂದು ದುಂಡು ಕನ್ನಡಿಯನ್ನೂ ಕೊಟ್ಟಳು.

ಮನೆಗೆ ಬಂದು ದಾನವ್ವ ಆ ಕನ್ನಡಿಯನ್ನು ಒರೆಸಿ, ಕುಂಕುಮ ಹಚ್ಚಿ, ದೇವರ ಗೂಡಿನ ಪಕ್ಕದಲ್ಲಿ ಮೊಳೆಗೆ ಹಾಕಿದಳು. ನೆಲದ ಮೇಲಿಡು ಎಂದರೆ, "ಕನ್ನಡಿ ಅಂದ್ರ ಲಕ್ಷ್ಮಿ. ಲಕ್ಷ್ಮಿನ್ನ ಯಾರರ ಕಾಲಾಗ ಹಾಕ್ತಾರೇನ್ರೀ?" ಎಂದಳು. ಕೇಂದ್ರದವರು ಕೊಟ್ಟ ಮೆತ್ತನೆಯ ಚಪ್ಪಲಿಯನ್ನು ಅಂಗಳದಲ್ಲಿ ಮೆಟ್ಟಿದಳು. ಮಗ್ಗದ ಕುಣಿಗೆ ಮಾತ್ರ ಬರಿಗಾಲಿನಲ್ಲೇ ಇಳಿದಳು. ಅನ್ನ ಕೊಡುವ ಕುಣಿಗೆ ಯಾವ ನೇಕಾರನೂ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ನಾನೂ ಅವಳಿಗೆ ಚಪ್ಪಲಿ ಮೆಟ್ಟಿ ಇಳಿ ಎಂದು ಹೇಳುವವನಲ್ಲ.

ಶ್ರಾವಣದ ಮೊದಲ ಸೋಮವಾರ ಮಧ್ಯಾಹ್ನ ನನ್ನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಚುಳ್ಳೆಂದಿತು. ನಾನು ಮಗ್ಗದ ಕೋಣೆಗೆ ಹೋಗಿ ಅವಳ ಪಕ್ಕ ಕುಳಿತೆ.

"ಎಡಗಾಲು ತೋರಿಸು."

"ಯಾಕ್ರೀ? ಏನೂ ಆಗಿಲ್ಲ. ಒಂಚೂರೂ ನೂಸೂದಿಲ್ಲ."

"ನೂಸೂದಿಲ್ಲ ಅಂತನ ನೋಡಬೇಕಾಗೇತಿ." ನಾನು ಬಗ್ಗಿ ಅವಳ ಪಾದಕ್ಕೆ ಕೈ ಹಾಕಿದೆ. ಅವಳು ಬೆಂಕಿ ಸೋಕಿದವಳಂತೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಶಿವಶಿವಾ! ಗಂಡನ ಕೈಯಾಗ ಕಾಲು ಕೊಟ್ಟು ನಾ ಯಾವ ನರಕಕ್ಕ ಹೋಗ್ಲಿ? ಅದೂ ಶ್ರಾವಣ ಸ್ವಾಮಾರ! ನಾ ನೋಡ್ಕೊಂತೀನಿ, ನೀವು ಏಳ್ರಿ."

"ನೋಡ್ಕೊಂತೀಯಲ?"

"ನೋಡ್ಕೊಂತೀನಿ ಅಂದ್ನೆಲ್ಲಾ. ಹೋಗ್ರಿ, ನೂಲು ಕಡೀತಾವ."

ಸಂಜೆ ಕೇಳಿದೆ. ನೋಡಿದೆ, ಏನೂ ಇಲ್ಲ ಎಂದಳು. ಅವಳ ಕಣ್ಣು ಮಂಜಾಗಿತ್ತು, ಸೊಂಟ ಬಗ್ಗುತ್ತಿರಲಿಲ್ಲ. ಹೇಗೆ ನೋಡಿದಳೆಂದು ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ನನ್ನ ಪಾದ ಮುಟ್ಟಿ ನಮಸ್ಕರಿಸುತ್ತಿದ್ದ ಹೆಂಗಸು ಅವಳು. ನಲವತ್ತೆಂಟು ವರ್ಷದಲ್ಲಿ ನಾನು ಅವಳ ಅಂಗಾಲನ್ನು ಒಮ್ಮೆಯೂ ನೋಡಿರಲಿಲ್ಲ.

ನನ್ನ ದೊಡ್ಡ ತಪ್ಪು ಇನ್ನು ಮುಂದಿದೆ.

ನಮ್ಮ ಕಡೆ ಒಬ್ಬರ ಕಷ್ಟವನ್ನು ಇನ್ನೊಬ್ಬರು ಮೈಮೇಲೆ ಹೊರುವ ಹರಕೆ ಇದೆ. ಮಗನಿಗೆ ಜ್ವರ ಬಂದರೆ ತಾಯಿ ಗುಡಿಯವರೆಗೂ ನೆಲಕ್ಕೆ ಮೈಚಾಚಿ ಏಳುತ್ತ ದೀಡ ನಮಸ್ಕಾರ ಹಾಕುತ್ತಾಳೆ. ಮೊಣಕಾಲು ಸುಲಿಯುವುದು ತಾಯಿಯದು, ಜ್ವರ ಇಳಿಯುವುದು ಮಗನದು. ಹಾಗೆಂದು ನಂಬಿ ಬೆಳೆದವನು ನಾನು. ಆ ಸೋಮವಾರ ಸಂಜೆ ಪೂಜೆಗೆ ಕುಳಿತಾಗ ನೋವು ಇನ್ನೂ ಮಿಡಿಯುತ್ತಿತ್ತು. ನನಗೆ ಒಂದು ವಿಚಾರ ಬಂತು. ಅವಳ ಕಾಲಿನ ನೋವು ನನಗೆ ಬಂದಿದೆ. ಬಂದದ್ದನ್ನು ಗುಂಡಿ ಒತ್ತಿ ತಳ್ಳಿಬಿಟ್ಟರೆ ಅದು ಎಲ್ಲಿಗೆ ಹೋಗಬೇಕು? ಅವಳಿಗೇ ತಾನೆ? ನಾನೇ ತಿಂದು ತೀರಿಸಿದರೆ ಅವಳ ಕಾಲು ಉಳಿಯುತ್ತದೆ. ಶ್ರಾವಣ ಮುಗಿಯುವವರೆಗೆ ಈ ನೋವನ್ನು ಇಳಿಸದೆ ಹೊರುತ್ತೇನೆ, ಯಾರಿಗೂ ಹೇಳುವುದಿಲ್ಲ, ಶಿವನೇ ನೀನು ಅವಳ ಪಾದ ಕಾಯಿ ಎಂದು ಬೇಡಿಕೊಂಡೆ.

ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿದವನಿಗೆ ಇಂಥ ಬುದ್ಧಿ ಹೇಗೆ ಬಂತು ಎಂದು ಕೇಳಬಹುದು. ನಾನೂ ಕೇಳಿಕೊಳ್ಳುತ್ತಿದ್ದೇನೆ.

ಕೇಂದ್ರದಲ್ಲಿ ಒಂದು ದೊಡ್ಡ ಕೋಣೆಯಿದೆ. ಅದರ ಗೋಡೆಯ ತುಂಬ ಪರದೆ. ಪರದೆಯ ಮೇಲೆ ಜಿಲ್ಲೆಯ ಸಾವಿರಾರು ಜೊತೆ ಪಾದಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಕೆಡದ ಪಾದ ಹಸಿರು, ಬಿಸಿಯಾದದ್ದು ಹಳದಿ, ಕೆಡುತ್ತಿರುವುದು ಕೆಂಪು. ಆ ಕೋಣೆಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಫರಜಾನಾ. ದಾನವ್ವನ ಕಾಲು ಹಳದಿಯಾಗಿ, ಗುಂಡಿ ಒತ್ತದೆ ಒಂದು ದಿನ ಕಳೆದಾಗ, ಅವಳು ನನಗೆ ಫೋನು ಮಾಡಿದಳು.

"ಅಜ್ಜಾರ, ಅಜ್ಜಿ ಕಾಲು ನೋಡಿದ್ರೇನು?"

"ನೋಡೇನವ್ವ. ಏನೂ ಇಲ್ಲ."

"ಬೆರಳಿನ ಸಂದ್ಯಾಗ? ಅಂಗಾಲಾಗ?"

"ಎಲ್ಲಾ ನೋಡೇನಿ."

"ಹಂಗಾರ ಗುಂಡಿ ಒತ್ರೆಲ್ಲಾ. ಸುಮ್ಮನ ಯಾಕ ಬ್ಯಾನಿ ತಿಂತೀರಿ?"

"ಇರಲಿ ಬಿಡವ್ವ. ನನಗೇನು ಭಾರಲ್ಲ."

ಅದು ಸುಳ್ಳು. ಹೆಂಡತಿಯ ಮಾತನ್ನು ನನ್ನ ಕಣ್ಣಿನ ಮಾತಾಗಿ ಹೇಳಿದೆ. ಫರಜಾನಾಗೆ ಸಮಾಧಾನವಾಗಲಿಲ್ಲ. ನೋವನ್ನು ಬೇಕೆಂದು ಇಟ್ಟುಕೊಳ್ಳುವ ಮನುಷ್ಯನನ್ನು ಅವಳು ಕಂಡಿರಲಿಲ್ಲ. ಆರನೆಯ ದಿನ ಹಳದಿ ಕೆಂಪಾಯಿತು. ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಅವಳು ಡಾಕ್ಟರ್ ಕೆರೂರರ ಬಳಿ ಹೋಗಿ, "ಸರ್, ಗುಳೇದಗುಡ್ಡಕ್ಕೆ ಇವತ್ತ ಒಬ್ಬರನ್ನ ಕಳಸೂಣು, ನನಗ್ಯಾಕೋ ಸರಿ ಅನಿಸವಲ್ದು" ಎಂದಳಂತೆ.

ಕೆರೂರ ಪರದೆಯಲ್ಲಿ ನನ್ನ ಹೆಸರು ನೋಡಿದರು. "ರಾಚಪ್ಪ ಮಾಸ್ತರಾ? ಅವರು ನೋಡೇನಿ ಅಂದ್ರ ನೋಡ್ಯಾರ. ಅವರ ಬಾಯಾಗ ಸುಳ್ಳು ಬರೂದಿಲ್ಲ. ಪೊರೀನ ಕೆಟ್ಟಿರಬೇಕು. ಮುಂದಿನ ವಾರ ಬ್ಯಾರೆ ಪೊರಿ ಹಾಕೂಣು" ಎಂದು ಹೇಳಿ, ನನ್ನ ಹೆಸರಿನ ಮುಂದೆ ತಾವೇ ಕೈಯಾರೆ 'ನೋಡಲಾಗಿದೆ' ಎಂದು ಬರೆದರು. ಆ ಹೊಸ ಪೊರೆ ಬರಲೇ ಇಲ್ಲ.

ಮನೆಯಲ್ಲಿ ನಾನು ಕುಂಟತೊಡಗಿದ್ದೆ. ದಾನವ್ವನ ಕಣ್ಣು ಮಂಜಾದರೂ ನನ್ನ ಕುಂಟು ಅವಳಿಗೆ ಕಾಣದೆ ಹೋಗಲಿಲ್ಲ.

"ಪಟ್ಟಿ ಕಚ್ಚಾಕತ್ತೇತೇನ್ರೀ?"

"ಇಲ್ಲ. ನಂದ ಕಾಲು ಅದು. ವಾಯು ಹಿಡದೈತಿ."

"ತಂಪು ನೆಲದಾಗ ತಾಸುಗಟ್ಟಲೆ ಕುಂತು ಓದಿದ್ರ ಮತ್ತೇನಾಗ್ತೈತಿ? ಬರ್ರಿ ಇಲ್ಲೆ."

ಅವಳು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದಳು. ಮಧ್ಯಾಹ್ನದ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು. ನನ್ನ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಬುಡವನ್ನು ಹುಡುಕಿ ಹುಡುಕಿ ತಿಕ್ಕಿದಳು. ನೇಯ್ದು ನೇಯ್ದು ಗಟ್ಟಿಯಾದ ಬೆರಳುಗಳು. "ಇಲ್ಲೇನು? ಇಲ್ಲೆ? ಎಷ್ಟು ಬ್ಯಾನಿ ತಡಕೊಂಡೀರಿ, ಹೇಳಬಾರದ?" ಎಂದು ಬೈಯುತ್ತಿದ್ದಳು. ನನ್ನ ಆ ಕಾಲಿನಲ್ಲಿ ಒಂದು ಗೀರೂ ಇರಲಿಲ್ಲ. ಅವಳ ಎಡಗಾಲು ಸೀರೆಯ ಅಂಚಿನ ಕೆಳಗೆ ಮಡಚಿಕೊಂಡಿತ್ತು. ನನ್ನಿಂದ ಒಂದು ಮೊಳ ದೂರದಲ್ಲಿ. ಏಳು ದಿನ ಮಧ್ಯಾಹ್ನ ಅವಳು ಹೀಗೆ ಎಣ್ಣೆ ತಿಕ್ಕಿದಳು. ಏಳು ದಿನವೂ ನಾನು ಸುಮ್ಮನೆ ತಿಕ್ಕಿಸಿಕೊಂಡೆ. ನೋವು ಹೆಚ್ಚಾದಷ್ಟೂ ಅವಳ ಕಂಟಕ ಕಳೆಯುತ್ತಿದೆ ಎಂದು ಒಳಗೊಳಗೆ ಹಿಗ್ಗಿದೆ.

ಹನ್ನೆರಡನೆಯ ದಿನ ಮಗ್ಗದ ಕೋಣೆಯಲ್ಲಿ ವಾಸನೆ ಬಂತು. ಇಲಿ ಸತ್ತಿರಬೇಕೆಂದು ನೂಲಿನ ಪೆಟ್ಟಿಗೆಗಳನ್ನೆಲ್ಲ ಸರಿಸಿ ಹುಡುಕಿದೆ. ಸಿಗಲಿಲ್ಲ. ಊದಿನಕಡ್ಡಿ ಹಚ್ಚಿಟ್ಟೆ. ಮರುದಿನ ಎರಡು ಹಚ್ಚಿದೆ.

ಮೂರನೆಯ ಸೋಮವಾರ ಬೆಳಿಗ್ಗೆ ಅವಳ ಮೈ ಸುಡುತ್ತಿತ್ತು. ಆದರೂ ಮಗ್ಗಕ್ಕೆ ಇಳಿದಳು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ನಿಂತಿತು. ನಾನು ಹೋಗುವಷ್ಟರಲ್ಲಿ ಅರ್ಧ ನೇಯ್ದ ಖಣದ ಮೇಲೆ ತಲೆಯಿಟ್ಟು ಒರಗಿದ್ದಳು. ನನ್ನ ಕೂಗಿಗೆ ಶಿವಕ್ಕ ಬಂದಳು. ಇಬ್ಬರೂ ಸೇರಿ ಕುಣಿಯಿಂದ ಎತ್ತಿ ಮಲಗಿಸಿದೆವು. ಶಿವಕ್ಕ ವಾಸನೆ ಹಿಡಿದು ಸೀರೆಯ ಅಂಚು ಮೇಲಕ್ಕೆ ಸರಿಸಿದಳು. ಅಂಗಾಲು ತಿರುಗಿಸಿ ನೋಡಿ, ಮುಖ ಎತ್ತಿ ನನ್ನನ್ನು ನೋಡಿದಳು.

"ಮಾಸ್ತರ, ನಿಮಗ ಕಣ್ಣಿಲ್ಲೇನು?"

ಒಡೆದ ಕಂಡಿಕೆಯ ಒಂದು ಚೂರು, ಗೋಧಿ ಕಾಳಿಗಿಂತ ಸ್ವಲ್ಪ ಉದ್ದದ್ದು, ಪೊರೆಯನ್ನು ಸೀಳಿಕೊಂಡು ಹೆಬ್ಬೆರಳ ಬುಡದಲ್ಲಿ ಹೂತಿತ್ತು. ನೂಲು ಸುತ್ತುವ ಆ ಕಂಡಿಕೆ ಕುಣಿಯಲ್ಲಿ ಯಾವಾಗ ಬಿದ್ದು ಒಡೆದಿತ್ತೋ. ಎರಡು ವಾರ ಅವಳು ಅದರ ಮೇಲೆಯೇ ಮಗ್ಗದ ಹಲಗೆ ತುಳಿದಿದ್ದಳು. ಸುತ್ತಲಿನ ಚರ್ಮ ಕಪ್ಪಾಗಿ, ಕಪ್ಪು ಕಾಲುಗಂಟಿನವರೆಗೆ ಏರಿತ್ತು. ಮೊದಲ ದಿನ ಯಾರಾದರೂ ನೋಡಿದ್ದರೆ ಒಂದು ಚಿಮಟ, ಒಂದಿಷ್ಟು ಔಷಧ, ಎಂಟು ದಿನದ ವಿಶ್ರಾಂತಿ. ಇದನ್ನು ನನಗೆ ಹೇಳಿದವರು, ಅಂದೇ ಅವಳನ್ನು ಒಯ್ದ ಜಿಲ್ಲೆಯ ಊರಿನ ಆಸ್ಪತ್ರೆಯವರು. ಕೊಳೆ ರಕ್ತಕ್ಕೆ ಸೇರಿದೆ, ಕಾಲು ತೆಗೆಯಬೇಕು, ಆದರೆ ತೆಗೆಯುವಷ್ಟು ಶಕ್ತಿ ಮೈಯಲ್ಲಿಲ್ಲ, ಸ್ವಲ್ಪ ಕಾಯೋಣ ಎಂದರು. ಹುಣ್ಣಿನ ಜಾಗದ ಪೊರೆ ಕತ್ತರಿಸಿದರು. ಸುತ್ತಲೂ ಉಳಿದದ್ದನ್ನು ಬಿಡಿರೆಂದು ನಾನು ಕೈಮುಗಿದೆ. ಒಳಗೆ ನನ್ನನ್ನು ಬಿಡುತ್ತಿರಲಿಲ್ಲ. ಆ ನೋವೊಂದೇ ನನಗೆ ಅವಳ ಸುದ್ದಿ ಹೇಳುತ್ತಿತ್ತು. ಬುಧವಾರ ಸಂಜೆ ಫರಜಾನಾ ಕೇಂದ್ರದಿಂದ ಬಂದು, ಸ್ನಾನ ಮಾಡಿ, ಒಂದು ತುತ್ತು ಉಂಡು ಬನ್ನಿರೆಂದು ನನ್ನನ್ನು ಬಲವಂತವಾಗಿ ಬಸ್ಸಿಗೆ ಹತ್ತಿಸಿದಳು. ಮರುದಿನದ ಬೆಳಿಗ್ಗೆಯನ್ನು ಮೊದಲೇ ಹೇಳಿದ್ದೇನೆ.

ಮಣ್ಣು ಕೊಟ್ಟು ಹನ್ನೆರಡು ದಿನದ ಮೇಲೆ ಪಟ್ಟಿಯನ್ನು ಮರಳಿಸಲು ಕೇಂದ್ರಕ್ಕೆ ಹೋದೆ. ಕೆರೂರ ಎದ್ದು ನಿಂತರು. ತಲೆ ತಗ್ಗಿಸಿಯೇ ಮಾತಾಡಿದರು.

"ಸರ್, ಫರಜಾನಾ ಹೇಳಿದಳು. ನಾನು ಕೇಳಲಿಲ್ಲ. ನೀವು ಸುಳ್ಳು ಹೇಳೂದಿಲ್ಲ ಅಂತ…"

"ಹೇಳಿದೆ" ಎಂದೆ.

ಇನ್ನು ಮುಂದೆ ಎರಡು ದಿನ ಕೆಂಪಾಗಿದ್ದ ಕಾಲನ್ನು ಮನೆಯವರ ಮಾತು ಕೇಳದೆ ಕೇಂದ್ರದ ಹೆಂಗಸೊಬ್ಬಳೇ ಹೋಗಿ ನೋಡುವ ಏರ್ಪಾಡು ಮಾಡಿದ್ದೇವೆಂದರು. ಒಳ್ಳೆಯದು ಎಂದೆ. ಆಮೇಲೆ ನಾನು ಯಾವುದಕ್ಕಾಗಿ ಹೋಗಿದ್ದೆನೋ ಅದನ್ನು ಕೇಳಿದೆ. ಹರಕೆಯ ಮಾತನ್ನು ಅಂದೇ ಮೊದಲು ಬಾಯಿಬಿಟ್ಟು ಹೇಳಿದೆ.

"ತಮ್ಮಾ, ಒಂದ ಮಾತು ಖರೇ ಹೇಳು. ಹದಿನೆಂಟು ದಿನ ನಾ ಹೊತ್ತೆನಲ್ಲ, ಅಷ್ಟರಮಟ್ಟಿಗೆ ಆಕೀಗೆ ನೋವು ಕಡಿಮಿ ಆತೇನು?"

ಅವರು ಪರದೆಯ ಕಡೆ ತಿರುಗಿದರು. ಬಾಗಿಲ ಬಳಿ ನಿಂತಿದ್ದ ಫರಜಾನಾ, "ಸರ್, ಬ್ಯಾಡ್ರಿ" ಎಂದಳು. ಆದರೆ ನಾನು ಖರೇ ಹೇಳು ಎಂದಿದ್ದೆ, ಮತ್ತು ಅವರು ನನ್ನ ವಿದ್ಯಾರ್ಥಿ.

"ಇಲ್ಲ ಸರ್. ಅವರಿಗೆ ಆ ಕಾಲಾಗ ನೋವು ಇರಲೇ ಇಲ್ಲ. ನೀವು ಹೊತ್ತದ್ದು ಅವರ ನೋವಲ್ಲ. ಪಟ್ಟಿ ಹುಟ್ಟಿಸಿದ್ದು ಅದು. ನೀವು ನೋಡ್ಲಿ ಅಂತ ಹುಟ್ಟಿಸಿದ್ದು, ಅಷ್ಟ."

ಫರಜಾನಾ ಬಂದು ನನ್ನ ಕಾಲಿನಿಂದ ಪಟ್ಟಿ ಬಿಚ್ಚಿದಳು.

ಈಗ ನಾನು ಊರೂರಿಗೆ ಹೋಗಿ ಇದನ್ನೇ ಹೇಳುತ್ತೇನೆ. ಪಟ್ಟಿ ಇರಲಿ, ಇಲ್ಲದಿರಲಿ, ಮನೆಯ ಹೆಂಗಸಿನ ಕಾಲನ್ನು ಕೈಯಲ್ಲಿ ಹಿಡಿದು ನೋಡಿರಿ; ಬರುವ ಪಾಪವೇನಿದ್ದರೂ ನಿಮಗೆ ಬರಲಿ. ಕೆಲವರು ನಗುತ್ತಾರೆ, ಕೆಲವರು ತಲೆ ತಗ್ಗಿಸುತ್ತಾರೆ. ಹೇಳಿ ಬಂದ ಸಂಜೆಯೂ ಮನೆ ಖಾಲಿಯಾಗಿಯೇ ಇರುತ್ತದೆ. ಎಷ್ಟು ಕಾಲುಗಳು ಉಳಿದರೂ ನನಗೆ ಬೇಕಾದ ಎರಡು ಕಾಲು ಅವುಗಳಲ್ಲಿಲ್ಲ. ಮೊದಲೆಲ್ಲ ಪೂಜೆಗೆ ಕುಳಿತರೆ ಕೇಳಲು ಒಂದಲ್ಲ ಒಂದು ಇರುತ್ತಿತ್ತು. ಈಗ ಅಂಗೈ ಚಾಚಿದರೆ ಒಂದೇ ಮಾತು ಬರುತ್ತದೆ.

ಶಿವನೇ, ದಾನವ್ವನ ಪರವಾಗಿ ನಿನ್ನ ಮುಂದೆ ಇಡಲು ನನ್ನಲ್ಲಿ ಪುಣ್ಯವಿಲ್ಲ. ಇದೆ ಎಂದುಕೊಂಡದ್ದು ಹುಸಿಯಾಯಿತು. ನನ್ನ ಲೆಕ್ಕಕ್ಕೆ ಅವಳನ್ನು ಕಟ್ಟಬೇಡ. ಅವಳು ದುಡಿದು ಉಂಡವಳು, ಉಣಿಸಿದವಳು, ಯಾರನ್ನೂ ನೋಯಿಸದವಳು. ದಣಿದು ಬಂದಿದ್ದಾಳೆ. ನಿನ್ನ ಹತ್ತಿರ ಕೂರಿಸಿಕೋ. ನಾನು ನೋಡದೆ ಬಿಟ್ಟ ಪಾದಗಳನ್ನು ನೀನಾದರೂ ನೋಡು. ಅವಳ ಜೀವಕ್ಕೆ ಶಾಂತಿಯಿರಲಿ, ತಂದೆ. ಶಾಂತಿಯಿರಲಿ.